ಬೆಕ್ಕಿನ ರಿಪೋರ್ಟಿಗೆ ಮನುಷ್ಯರ ಅಳತೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಈ ಮೊದಲು ನಿಮಗೆ ಒಂದೇ ಒಂದು ಪತ್ರ ಬರೆದಿದ್ದೆ, ನಮ್ಮ ಓಣಿಗೆ ನೀರು ಬಿಡುವ ಹೊತ್ತಿನ ಬಗ್ಗೆ. ಇದು ಎರಡನೆಯದು. ಬೆಕ್ಕಿನ ಬಗ್ಗೆ. ನಗುವವರು ನಗಲಿ, ನಮ್ಮ ಮನೆಯಲ್ಲೂ ಮೊದಲು ನಕ್ಕವರೇ ಜಾಸ್ತಿ. ಆದರೆ ಹೋದ ತಿಂಗಳು ಒಂದು ಲ್ಯಾಬ್ ರಿಪೋರ್ಟ್ ನೋಡಿ ನಾನು ನನ್ನ ಕೈಯಾರೆ ನಮ್ಮ ಬೆಕ್ಕಿಗೆ ತಪ್ಪು ಮಾತ್ರೆ ತಿನ್ನಿಸುವುದರಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ನನ್ನ ಹರಟೆಗೆ ಹಾಕಿ, ಅಂಕಿಗಳಿಗೆ ಬೇಡ.

ನಾನು ವಿಜಯಪುರದವಳು, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬ್ಲೌಸು, ಫಾಲ್ಸು, ಶಾಲೆ ಶುರುವಾಗುವಾಗ ಯೂನಿಫಾರಂ. ಬೆಕ್ಕಿನ ಹೆಸರು ಗುಂಡಿ. ಮರಿ ಇದ್ದಾಗ ನನ್ನ ಗುಂಡಿ ಡಬ್ಬಿಯಲ್ಲಿ ಮಲಗುತ್ತಿದ್ದಳು, ನೋಡೋಕೂ ಗುಂಡಗಿದ್ದಳು, ಹೆಸರು ಹುಡುಕುವ ಕೆಲಸವೇ ಬೀಳಲಿಲ್ಲ. ಈಗ ಅವಳಿಗೆ 14 ವರ್ಷ. ಮಷಿನ್ ಪಕ್ಕದ ಹಲಗೆ ಅವಳದು. ಅಲ್ಲಿ ನಾನು ಟೇಪು ಇಟ್ಟರೂ ಕೆಳಗೆ ತಳ್ಳುತ್ತಾಳೆ.

ದೀಪಾವಳಿ ಹೊತ್ತಿಗೆ ನನ್ನ ಕೈಗೆ ಏನೋ ಬೇರೆ ಅನ್ನಿಸಿತು. ದಿನವಿಡೀ ಬಟ್ಟೆ ಮುಟ್ಟುವ ಕೈ ಇದು, ನೂಲು ದಪ್ಪವೋ ತೆಳುವೋ ಕಣ್ಣು ಮುಚ್ಚಿ ಹೇಳುತ್ತೇನೆ. ಅವಳ ಬೆನ್ನ ಮೇಲೆ ಕೈ ಆಡಿಸಿದರೆ ಮೂಳೆ ಒಂದೊಂದೇ ಎಣಿಸುವ ಹಾಗೆ ಸಿಗುತ್ತಿತ್ತು. ಭುಜದ ಹತ್ತಿರ ತಗ್ಗು. ಮೊದಲು ಮಿರಮಿರ ಅನ್ನುತ್ತಿದ್ದ ಕೂದಲು ಗಂಟು ಗಂಟಾಗಿ, ಎಣ್ಣೆ ಹಿಡಿದ ಹಾಗೆ. ತಿನ್ನುವುದು ಕಡಿಮೆ ಆಗಿದ್ದರೆ ಸರಿ, ಅದಕ್ಕೇ ಸೊರಗಿದಳು ಅನ್ನಬಹುದಿತ್ತು. ಆದರೆ ತಿನ್ನುವುದು ದುಪ್ಪಟ್ಟಾಗಿತ್ತು! ಬೆಳಗ್ಗೆ ಐದಕ್ಕೆ ಎಬ್ಬಿಸಿ ತಿಂದು, ಏಳಕ್ಕೆ ಮತ್ತೆ ತಟ್ಟೆ ಮುಂದೆ ಕೂತು ಕೂಗುವುದು. ನೀರು ಕುಡಿಯುವುದೂ ಜಾಸ್ತಿ, ಉಚ್ಚೆಯೂ ಜಾಸ್ತಿ. ವಾರಕ್ಕೆ ಎರಡು ಮೂರು ಸಲ ವಾಂತಿ.

ರಾತ್ರಿ ಕೂಗು ಬೇರೆ. ಎರಡು ಗಂಟೆಗೆ ಪಡಸಾಲೆಯ ನಡುವೆ ನಿಂತು ಯಾರನ್ನೋ ಕರೆದ ಹಾಗೆ ಉದ್ದಕ್ಕೆ ಕೂಗುತ್ತಾಳೆ. ಗೋಳಗುಮ್ಮಟದ ಒಳಗೆ ಹುಡುಗರು ಕೂಗಿದರೆ ಏಳು ಸಲ ಕೇಳಿಸುತ್ತದಲ್ಲ, ಹಾಗೆ ಮನೆಯೆಲ್ಲ ತುಂಬುತ್ತದೆ. ಇನ್ನೊಂದು ವಿಷಯ ನಾನು ಆಗ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎಳ್ಳಮಾವಾಸ್ಯೆ ಚಳಿಯಲ್ಲಿ ನಾವೆಲ್ಲ ಎರಡು ಕೌದಿ ಹೊದ್ದು ಮಲಗಿದ್ದರೆ ಇವಳು ಬರೀ ಫರಸಿ ಮೇಲೆ ಕಾಲು ಚಾಚಿ ಬಿದ್ದಿರುತ್ತಿದ್ದಳು. ಪ್ರತಿ ವರ್ಷ ಚಳಿಗೆ ನನ್ನ ಕೌದಿಯೊಳಗೇ ಸೇರುತ್ತಿದ್ದ ಬೆಕ್ಕು.

ಯಾರಿಗೆ ಹೇಳಿದರೂ ಒಂದೇ ಮಾತು. "ವಯಸ್ಸಾತಲ್ರೀ ಅದಕ್ಕ." ನಾನೂ ಒಂದೂವರೆ ತಿಂಗಳು ಅದನ್ನೇ ನಂಬಿ ಸುಮ್ನಿದ್ದೆ. ವಯಸ್ಸಾದ ಬೆಕ್ಕು ಜಿಗಿಯುವುದು ಕಡಿಮೆ ಮಾಡಬಹುದು, ಜಾಸ್ತಿ ಮಲಗಬಹುದು. ಹೊಟ್ಟೆ ತುಂಬ ತಿಂದೂ ಕರಗುವುದು ವಯಸ್ಸಲ್ಲ, ಅದು ಕಾಯಿಲೆ. ಇದು ನನಗೆ ತಡವಾಗಿ ತಿಳಿಯಿತು.

ತಿಳಿದದ್ದು ಕಿರಾಣಿ ಅಂಗಡಿಯಲ್ಲಿ. ನಮ್ಮ ಓಣಿಯ ಮೂಲೆಯ ಅಂಗಡಿಯವರಿಗೆ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಗುಂಡಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ಮುಖ ಮಾತ್ರ ಹೊರಗೆ ಬಿಟ್ಟು, ತಕ್ಕಡಿ ಮೇಲೆ ಇಟ್ಟೆ. ಚೀಲದ ತೂಕ ಕಳೆದು 3 ಕೆಜಿ 100 ಗ್ರಾಂ. ಮನೆಗೆ ಬಂದು ಹಳೆಯ ಲಸಿಕೆ ಕಾರ್ಡು ಹುಡುಕಿದರೆ ಅದರಲ್ಲಿ 4 ಕೆಜಿ 200 ಅಂತ ಇತ್ತು. ಕಾಲು ಭಾಗ ಹೋಗಿಬಿಟ್ಟಿದೆ. 60 ಕೆಜಿ ಇದ್ದ ಹೆಂಗಸು 45ಕ್ಕೆ ಇಳಿದರೆ ಮನೆಯವರು ಸುಮ್ಮನೆ ಕೂರುತ್ತಾರಾ? ಅಂಗಡಿಯವರು ತಮಾಷೆಗೆ ನಮ್ಮ ಉದ್ರಿ ಪುಸ್ತಕದ ಹಾಳೆಯಲ್ಲೇ "ಗುಂಡಿ 3.100" ಅಂತ ಬರೆದರು. ಅಂದಿನಿಂದ ಪ್ರತಿ ಭಾನುವಾರ ಬರೆಯುತ್ತಿದ್ದಾರೆ, ಸಕ್ಕರೆ ಮತ್ತು ಶೇಂಗಾ ಎಣ್ಣೆಯ ನಡುವೆ. ಒಂದು ಸಲ ಅವರ ಮಗ ಅದನ್ನು ಓದಿ ಕೆಜಿಗೆ ಎಷ್ಟು ಹಾಕಲಿ ಅಂತ ಕೇಳಿದ್ದ.

ಸಂಕ್ರಾಂತಿಗೆ ಒಂದು ವಾರ ಮೊದಲು ಬುಟ್ಟಿಯಲ್ಲಿ ಹಾಕಿಕೊಂಡು ಪಶು ವೈದ್ಯರ ಹತ್ತಿರ ಹೋದೆ. ಸಿದ್ಧೇಶ್ವರ ಜಾತ್ರೆಯ ದಿನಗಳು, ಎತ್ತು ಹೋರಿಗಳ ಕೆಲಸವೇ ಅವರಿಗೆ ಸಾಕಾಗಿತ್ತು. ಬೇವಿನ ಗಿಡದ ಕೆಳಗೆ ಒಂದು ಎಮ್ಮೆ, ನಾಲ್ಕು ಆಡು, ಒಂದು ಕಾಲು ಮುರಿದ ನಾಯಿ, ಆಮೇಲೆ ನಾವು. ಆದರೂ ಡಾಕ್ಟರು ಪುರುಸೊತ್ತು ಮಾಡಿಕೊಂಡು ನೋಡಿದರು. ಗುಂಡಿಯ ಗದ್ದ ಮೇಲೆತ್ತಿ, ಗಂಟಲ ಕೊಳವೆಯ ಎರಡೂ ಕಡೆ ಹೆಬ್ಬೆರಳು ತೋರುಬೆರಳು ಇಟ್ಟು ಮೆಲ್ಲಗೆ ಕೆಳಗೆ ಜಾರಿಸಿದರು. ಎರಡು ಸಲ, ಮೂರು ಸಲ. ಆರೋಗ್ಯವಾಗಿರುವ ಬೆಕ್ಕಿನ ಥೈರಾಯ್ಡ್ ಗ್ರಂಥಿ ಕೈಗೆ ಸಿಗುವುದೇ ಇಲ್ಲವಂತೆ. ಊದಿದ್ದರೆ ಬೆರಳ ಕೆಳಗೆ ಕಾಳಿನ ಹಾಗೆ ಜಾರುತ್ತದೆ. "ಎಡಗಡೆ ತೊಗರಿಕಾಳಿನಷ್ಟು ಏನೋ ಸಿಕ್ಕಂಗಾತು, ಆದ್ರ ಗಟ್ಟಿ ಹೇಳಂಗಿಲ್ಲ" ಅಂದರು. ಎದೆಬಡಿತ ಎಣಿಸಿದರು, ನಿಮಿಷಕ್ಕೆ 240. ಹೆದರಿದ ಬೆಕ್ಕಿಗೂ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಆದರೆ ಇದು ಅದಕ್ಕೂ ಜಾಸ್ತಿ ಅಂದರು.

ಬೆಕ್ಕಿಗೂ ಥೈರಾಯ್ಡಾ ಅಂತ ಬಾಯಿ ಬಿಟ್ಟೆ ನಾನು. ಹೌದಂತೆ, ಹತ್ತು ದಾಟಿದ ಬೆಕ್ಕುಗಳಲ್ಲಿ ಇದು ಸಾಮಾನ್ಯ ಕಾಯಿಲೆ. 1979ರಲ್ಲಿ ನ್ಯೂಯಾರ್ಕಿನ ಪಶು ವೈದ್ಯರು ಮೊದಲ ಸಲ ಗುರುತಿಸಿ ಬರೆದರಂತೆ. ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ, ಮೈಯೊಳಗಿನ ಒಲೆ ಆರುವುದೇ ಇಲ್ಲ, ತಿಂದದ್ದೆಲ್ಲ ಉರಿದುಹೋಗುತ್ತದೆ. ಕ್ಯಾನ್ಸರಾ ಅಂತ ಕೇಳಿದೆ. ನೂರಕ್ಕೆ ಎರಡು ಮೂರು ಮಾತ್ರ ಹಾಗಿರುತ್ತವೆ, ಉಳಿದದ್ದೆಲ್ಲ ಸಾದಾ ಗಂಟು ಅಂದರು. ಆದರೆ ಇದೇ ಲಕ್ಷಣ ಕಿಡ್ನಿ ಕೆಟ್ಟರೂ, ಸಕ್ಕರೆ ಕಾಯಿಲೆ ಬಂದರೂ, ಕರುಳಿನ ತೊಂದರೆ ಇದ್ದರೂ ಬರಬಹುದು. ಅದಕ್ಕೆ ರಕ್ತ ನೋಡದೆ ಔಷಧ ಇಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಪ್ರಾಣಿಗಳ ಲ್ಯಾಬಿಗೆ ಬೆಂಗಳೂರಿಗೆ ಕಳಿಸಬೇಕು, ಐಸ್ ಹಾಕಿ ಕೊರಿಯರ್ ಮಾಡಬೇಕು, ಜಾತ್ರೆ ರಜೆ ಬೇರೆ. ಡಾಕ್ಟರು ಹೇಳಿದರು, ಥೈರಾಯ್ಡ್ ಗ್ರಂಥಿಯ ಟಿ4 ಅನ್ನುವ ಹಾರ್ಮೋನು ಮನುಷ್ಯರದೂ ಬೆಕ್ಕಿನದೂ ಒಂದೇ, ಮೊದಲು ಇಲ್ಲಿಯ ಲ್ಯಾಬಿನಲ್ಲೇ ನೋಡೋಣ, ರಿಪೋರ್ಟ್ ಬಂದ ತಕ್ಷಣ ನನಗೆ ಕಳಿಸಿ, ನೀವೇ ಏನೂ ಓದಿಕೊಳ್ಳಬೇಡಿ. ಈ ಕೊನೆಯ ಮಾತನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ಗುಂಡಿಯನ್ನು ಟವೆಲಿನಲ್ಲಿ ಸುತ್ತಿ, ಮುಂಗಾಲು ಮಾತ್ರ ಹೊರಗೆ ತೆಗೆದು, ಎರಡು ಎಂಎಲ್ ರಕ್ತ ತೆಗೆದರು. ಒಂದು ಸಲವೂ ಪರಚಲಿಲ್ಲ, ನನ್ನ ಮೊಣಕೈಯೊಳಗೆ ಮುಖ ಹುದುಗಿಸಿಕೊಂಡಿದ್ದಳು. ಅದನ್ನು ನಾನೇ ಸ್ಕೂಟಿ ಮೇಲೆ ಲ್ಯಾಬಿಗೆ ಒಯ್ದೆ. ಅವರೂ ಪಾಪ ಉಪಕಾರಕ್ಕೆ ಮಾಡಿಕೊಟ್ಟರು, ಹೆಸರು ಹೇಳುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ರಿಪೋರ್ಟ್ ಬಂತು. ಮೇಲೆ "ಕುಮಾರಿ ಗುಂಡಿ, ವಯಸ್ಸು 14, ಸ್ತ್ರೀ" ಅಂತ ಇದೆ. ನಕ್ಕು ಕೆಳಗೆ ನೋಡಿದರೆ ನಗು ನಿಂತಿತು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.4, ಪಕ್ಕದಲ್ಲಿ ದಪ್ಪಕ್ಷರದಲ್ಲಿ "ಹೈ". ಟಿ4 4.3, ಪಕ್ಕದಲ್ಲಿ "ಲೋ". ಇರಬೇಕಾದ ಅಳತೆ 5.1ರಿಂದ 14.1 ಅಂತ ಅಚ್ಚಾಗಿದೆ.

ನನಗೂ ಥೈರಾಯ್ಡ್ ಇದೆ. ಹನ್ನೆರಡು ವರ್ಷದಿಂದ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ ನುಂಗುತ್ತೇನೆ. ನಮ್ಮಲ್ಲಿ ಯಾವ ಮನೆಯಲ್ಲಿ ಇಲ್ಲ ಹೇಳಿ ಆ ಡಬ್ಬಿ? ನನ್ನ ಮೈದುನ ಫೋನು ತೆಗೆದುಕೊಂಡು ನೋಡಿ, "ಕಡಿಮಿ ಐತಿ ನೋಡ್ರಿ, ನಿಮಗ ಇದ್ದದ್ದ ಅದಕ್ಕೂ ಬಂದೈತಿ, ಒಂದ್ ಚೂರು ನಿಮ್ಮ ಗುಳಿಗಿನ ಕೊಡ್ರಿ" ಅಂದ. ಓದಿದ ಹುಡುಗ, ರಿಪೋರ್ಟ್ ಓದುವುದರಲ್ಲಿ ಎತ್ತಿದ ಕೈ. ನಾನೂ ಮಾತ್ರೆ ತಂದೆ. ಬ್ಲೇಡಿನಿಂದ ಕಾಲು ಭಾಗ ಮಾಡಿ ಹಾಲಿನ ಕೆನೆಯೊಳಗೆ ಇಟ್ಟು ಉಂಡೆ ಕಟ್ಟಿದೆ. ಗುಂಡಿ ಆಗಲೇ ಕೆನೆಯ ವಾಸನೆಗೆ ಕಾಲಿಗೆ ಸುತ್ತುತ್ತಿದ್ದಳು.

ಆಗ ಕೈ ನಿಂತಿತು. ಯಾಕೆ ಅಂದರೆ ನನಗೆ ನನ್ನದೇ ನೆನಪಾಯಿತು. ನನಗೆ ಥೈರಾಯ್ಡ್ ಕಡಿಮೆ ಆದಾಗ ನಾನು ಊದಿಕೊಂಡಿದ್ದೆ. ಹನ್ನೊಂದು ಕೆಜಿ ಏರಿದ್ದೆ, ಸದಾ ನಿದ್ದೆ, ಏಪ್ರಿಲ್ ಬಿಸಿಲಿನಲ್ಲೂ ಕಾಲು ತಣ್ಣಗೆ. ಇವಳು ಅದರ ಉಲ್ಟಾ ಅಲ್ವಾ? ಸೊರಗಿದ್ದಾಳೆ, ನಿದ್ದೆ ಇಲ್ಲ, ಚಳಿಯಲ್ಲಿ ಫರಸಿ ಹುಡುಕುತ್ತಾಳೆ. ಕಾಗದ ಒಂದು ಹೇಳುತ್ತಿದೆ, ಮೈ ಇನ್ನೊಂದು ಹೇಳುತ್ತಿದೆ. ಹತ್ತು ಗಂಟೆ ಆಗಿತ್ತು, ನಾಚಿಕೆ ಬಿಟ್ಟು ಡಾಕ್ಟರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಮೊದಲ ಆ ಉಂಡಿ ಗಟಾರಕ್ಕ ಒಗೀರಿ" ಅಂದರು.

ಆಮೇಲೆ ತಿಳಿಸಿ ಹೇಳಿದರು. ಹಾರ್ಮೋನು ಒಂದೇ, ಆದರೆ ಎಷ್ಟು ಇರಬೇಕು ಅನ್ನುವುದು ಬೇರೆ. ಬೆಕ್ಕಿನ ರಕ್ತದಲ್ಲಿ ಟಿ4 ಸುಮಾರು 1ರಿಂದ 4ರ ಆಸುಪಾಸು ಇರಬೇಕು, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ. ಅಂದರೆ 4.3 ಬೆಕ್ಕಿಗೆ ಲೋ ಅಲ್ಲವೇ ಅಲ್ಲ, ಮೇಲಿನ ಗೆರೆ ಮುಟ್ಟಿದೆ. 14 ವರ್ಷದ, ಸೊರಗಿದ ಬೆಕ್ಕಿಗೆ ಇದು ಅನುಮಾನ ಪಡಬೇಕಾದ ಅಂಕಿ. ಕ್ರಿಯಾಟಿನಿನ್ ಕೂಡ ಹಾಗೆಯೇ, ಬೆಕ್ಕಿಗೆ 1.6ರ ಒಳಗಿದ್ದರೆ ಗಾಬರಿ ಬೇಡ. ಒಂದೇ ಹಾಳೆಯಲ್ಲಿ ಎರಡು ಗುರುತು, ಎರಡೂ ಉಲ್ಟಾ! ಕಿಡ್ನಿ ಕೆಟ್ಟಿದೆ ಅಂತ ನಾನು ಅತ್ತಿದ್ದೂ ಸುಳ್ಳಿಗೆ, ಥೈರಾಯ್ಡ್ ಕಡಿಮೆ ಅಂತ ಉಂಡೆ ಕಟ್ಟಿದ್ದೂ ಸುಳ್ಳಿಗೆ. ಥೈರಾಯ್ಡ್ ಕಡಿಮೆ ಆಗುವುದು ನಾಯಿಗಳಿಗಂತೆ, ನಮ್ಮ ಹಾಗೆ. ಬೆಕ್ಕಿಗೆ ತಾನಾಗಿ ಕಡಿಮೆ ಆಗುವುದು ತೀರಾ ಅಪರೂಪ, ಬಂದರೆ ಜಾಸ್ತಿಯೇ. ಈಗಾಗಲೇ 240ರಲ್ಲಿ ಓಡುತ್ತಿರುವ ಎದೆಗೆ ನನ್ನ ಮಾತ್ರೆ ಕೊಟ್ಟಿದ್ದರೆ ಉರಿಯುವ ಒಲೆಗೆ ಸೀಮೆಎಣ್ಣೆ.

ಲ್ಯಾಬಿನವರ ಮೇಲೆ ನನಗೆ ಸಿಟ್ಟಿಲ್ಲ. ಮಷಿನು ಅಂಕಿ ಸರಿಯಾಗಿಯೇ ಕೊಟ್ಟಿದೆ. ಹೈ, ಲೋ ಅಂತ ಹಾಕುವುದು ಕಂಪ್ಯೂಟರು, ಅದಕ್ಕೆ ಗುಂಡಿ ಒಬ್ಬಳು 14 ವರ್ಷದ ಹುಡುಗಿ. ಆದರೆ ನಮ್ಮಂಥ ಊರುಗಳಲ್ಲಿ ಸಾಕಿದ ಪ್ರಾಣಿಯ ರಕ್ತ ಮನುಷ್ಯರ ಲ್ಯಾಬಿಗೆ ಹೋಗುವುದು ಇದೆ, ಬೇರೆ ದಾರಿ ಹತ್ತಿರದಲ್ಲಿ ಇಲ್ಲದಾಗ ಏನು ಮಾಡುವುದು? ಹಾಗಿದ್ದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಪ್ರಾಣಿಯ ಮಾದರಿ ಬಂದರೆ ಅಳತೆಯ ಕಾಲಂ ಖಾಲಿ ಬಿಡಿ. ಬರೀ ಅಂಕಿ ಕೊಡಿ, ಮೇಲೆ "ಬೆಕ್ಕು" ಅಂತ ಬರೆಯಿರಿ, ಕುಮಾರಿ ಬೇಡ. ಪಶು ಆಸ್ಪತ್ರೆಯವರಿಗೂ ಒಂದು ಕೋರಿಕೆ. ನಾಯಿಗೆಷ್ಟು, ಬೆಕ್ಕಿಗೆಷ್ಟು ಅಂತ ಬರೆದ ಒಂದು ಚೀಟಿಯನ್ನು ರಕ್ತದ ಟ್ಯೂಬಿನ ಜೊತೆಗೇ ನಮ್ಮ ಕೈಗೆ ಕೊಟ್ಟರೆ ಮೈದುನಂದಿರ ಬಾಯಿ ಮುಚ್ಚುತ್ತದೆ.

ಇನ್ನು ನಿಮ್ಮ ಪತ್ರಿಕೆಗೆ. ಕಾಲುಬಾಯಿ ಬೇನೆ, ಕೆಚ್ಚಲು ಬಾವು ಬಗ್ಗೆ ನೀವು ಬರೆಯುತ್ತೀರಿ, ಬರೆಯಲೇಬೇಕು, ಅದು ಹೊಟ್ಟೆಪಾಡು. ಬೆಕ್ಕು ಮಾತ್ರ ಪೇಪರಿನಲ್ಲಿ ಬರುವುದು ಅಡ್ಡ ಬಂದರೆ ಅಪಶಕುನ ಹೌದೋ ಅಲ್ಲವೋ ಅನ್ನುವಾಗ. ಮೂರು ತಿಂಗಳಿಗೊಮ್ಮೆಯಾದರೂ ಒಂದು ಅರ್ಧ ಕಾಲಂ ಕೊಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಸಾಯಬಹುದು, ಅರ್ಧ ಮಾತ್ರೆಯೂ ಸಾಕು ಅನ್ನುವುದು ಎಷ್ಟು ಮನೆಗೆ ಗೊತ್ತು? ನನಗೂ ಈ ಓಡಾಟದಲ್ಲೇ ಗೊತ್ತಾದದ್ದು.

ನಮ್ಮ ಮನೆಯ ತಪ್ಪೂ ಹೇಳಿಬಿಡುತ್ತೇನೆ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಗುಂಡಿ ಬೆಳೆದದ್ದು ಹಾಲು, ರೊಟ್ಟಿ, ಮೊಸರನ್ನದಲ್ಲಿ, ಜೊತೆಗೆ ಅವಳೇ ಹಿಡಿದ ಇಲಿ ಹಲ್ಲಿ. ಬೇಟೆ ನಿಂತ ಮೇಲೆ ಬರೀ ರೊಟ್ಟಿ. ಬೆಕ್ಕಿಗೆ ಮುಖ್ಯವಾಗಿ ಮಾಂಸದಲ್ಲಿ ಸಿಗುವ ಟಾರಿನ್ ಅನ್ನುವುದು ಬೇಕೇ ಬೇಕಂತೆ, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಈಗ ಪ್ಯಾಕೆಟ್ ಆಹಾರ ತರುತ್ತೇನೆ. ಹಿತ್ತಿಲಲ್ಲಿ ಬೇರೆ ತಟ್ಟೆ, ಬೇರೆ ಚಮಚ. ಅತ್ತೆಯವರು ಆ ಕಡೆ ನೋಡುವುದಿಲ್ಲ, ಆದರೆ ಗುಂಡಿ ತಿಂದಳಾ ಅಂತ ಒಳಗಿನಿಂದ ಕೇಳುತ್ತಾರೆ.

ಸದ್ಯಕ್ಕೆ ಅವಳಿಗೆ ಥೈರಾಯ್ಡ್ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಗೆರೆಯ ಮೇಲೆ ನಿಂತಿದ್ದಾಳೆ. ಟಿ4 ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಬೇರೆ ಕಾಯಿಲೆ ಇದ್ದರೆ ಕೆಳಗೂ ಇಳಿಯುತ್ತದೆ, ಅದಕ್ಕೆ ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು ಅಂದಿದ್ದಾರೆ. ಆ ನಡುವೆ ಉಚ್ಚೆ ಪರೀಕ್ಷೆಗೂ ಕೇಳಿದರು. ಬೆಕ್ಕಿನ ಉಚ್ಚೆ ಹಿಡಿಯುವುದು ಅಂದರೆ ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆಯೇ. ಮರಳಿನಲ್ಲಿ ಹೋದರೆ ಇಂಗಿಹೋಗುತ್ತದೆ, ಖಾಲಿ ಟ್ರೇಯಲ್ಲಿ ಅವಳು ಹೋಗುವುದಿಲ್ಲ. ಕೊನೆಗೆ ನಾನು ಎರಡು ಮುಷ್ಟಿ ಪ್ಲಾಸ್ಟಿಕ್ ಗುಂಡಿಗಳನ್ನು ತೊಳೆದು ಒಣಗಿಸಿ ಟ್ರೇಗೆ ಸುರಿದೆ, ಶರ್ಟಿನ ಬಿಳಿ ಗುಂಡಿ. ಕೆರೆದಾಡಿ ಖುಷಿಯಾಗಿ ಕೂತಳು. ಸೂಜಿ ಇಲ್ಲದ ಸಿರಿಂಜಿನಿಂದ ಎಳೆದುಕೊಂಡೆ. ಡಾಕ್ಟರಿಗೆ ಹೇಳಿದರೆ ಜೋರಾಗಿ ನಕ್ಕು, ಇನ್ನೊಬ್ಬರಿಗೂ ಹೇಳುತ್ತೇನೆ ಅಂದರು. ಆ ಗುಂಡಿ ಯಾರ ಶರ್ಟಿಗೂ ಹಾಕುವುದಿಲ್ಲ, ನನ್ನ ಗಿರಾಕಿಗಳು ಇದನ್ನು ಓದಿದರೆ ಹೆದರಬೇಡಿ.

ಕಿಡ್ನಿ ಬಗ್ಗೆ ಇಷ್ಟು ಹಠ ಯಾಕೆ ಅಂತ ಕೇಳಿದ್ದಕ್ಕೆ ಡಾಕ್ಟರು ಹೇಳಿದ್ದು ನನಗೆ ಹೊಸದು. ಥೈರಾಯ್ಡ್ ಜಾಸ್ತಿ ಇದ್ದಾಗ ರಕ್ತ ಜೋರಾಗಿ ಹರಿದು ಕಿಡ್ನಿಯ ದೌರ್ಬಲ್ಯವನ್ನು ಮುಚ್ಚಿಡುತ್ತದೆ. ಸೊರಗಿ ಮಾಂಸ ಕರಗಿದ ಬೆಕ್ಕಿನಲ್ಲಿ ಕ್ರಿಯಾಟಿನಿನ್ ಕೂಡ ಇದ್ದದ್ದಕ್ಕಿಂತ ಕಡಿಮೆಯೇ ತೋರಿಸುತ್ತದೆ. ಥೈರಾಯ್ಡಿಗೆ ಔಷಧ ಶುರು ಮಾಡಿದ ಮೇಲೆ ಕಿಡ್ನಿಯ ನಿಜ ಬಣ್ಣ ಹೊರಗೆ ಬರುತ್ತದೆ. ಅದಕ್ಕೆ ಮೊದಲು ಕಡಿಮೆ ಡೋಸು, ಎರಡು ಮೂರು ವಾರಕ್ಕೆ ಮತ್ತೆ ರಕ್ತ, ಆಮೇಲೆ ಬೇಕಿದ್ದರೆ ಜಾಸ್ತಿ. ರಕ್ತದೊತ್ತಡವೂ ಏರಬಹುದು, ಏರಿದರೆ ಕಣ್ಣಿನ ಪರದೆ ಕಳಚಿ ರಾತ್ರೋರಾತ್ರಿ ಕುರುಡಾಗಬಹುದು. "ಇವತ್ತು ಬೆಕ್ಕಿಗೆ ಥೈರಾಯ್ಡ್, ನಾಳೆ ಬಿಪಿ ಅಂತಾರ" ಅಂತ ಪಕ್ಕದ ಮನೆಯವರು ನಕ್ಕಿದ್ದರು. ಅವರು ತಮಾಷೆಗೆ ಅಂದದ್ದು, ಆದರೆ ಬೆಕ್ಕಿಗೆ ಬಿಪಿ ಬರುವುದು ನಿಜವೇ.

ಔಷಧ ಇದೆ. ಮೆಥಿಮಜೋಲ್, ಇಲ್ಲವೇ ಕಾರ್ಬಿಮಜೋಲ್, ಮೈಯೊಳಗೆ ಹೋದ ಮೇಲೆ ಇದೂ ಅದೇ ಆಗುತ್ತದೆ. ಥೈರಾಯ್ಡ್ ಜಾಸ್ತಿ ಆದ ಮನುಷ್ಯರಿಗೆ ಕೊಡುವ ಮಾತ್ರೆಯೇ, ಡೋಸು ಮಾತ್ರ ಬೆಕ್ಕಿನ ಲೆಕ್ಕಕ್ಕೆ, ಅದನ್ನು ಡಾಕ್ಟರೇ ಹೇಳಬೇಕು. ದಿನಾ ಕೊಡಬೇಕು, ಬದುಕಿರುವ ತನಕ. ಕೆಲವು ಬೆಕ್ಕು ವಾಂತಿ ಮಾಡುತ್ತವೆ, ಕೆಲವು ಮುಖ ಕೆರೆದು ಗಾಯ ಮಾಡಿಕೊಳ್ಳುತ್ತವೆ, ಹಾಗಾದರೆ ನಿಲ್ಲಿಸಿ ಕೂಡಲೇ ತೋರಿಸಬೇಕು. ರೇಡಿಯೋ ಅಯೋಡಿನ್ ಅಂತ ಒಂದು ಇಂಜೆಕ್ಷನ್ ಇದೆಯಂತೆ, ಒಂದೇ ಸಲಕ್ಕೆ ಬಹಳಷ್ಟು ಬೆಕ್ಕುಗಳು ಗುಣ ಆಗುತ್ತವೆ. ಅದರ ಮಾತು ಸದ್ಯ ಬೇಡ ಅಂದರು, ನಾನೂ ಬೇಡ ಅಂದೆ.

ಈಗ ನಾನು ಮಾಡುವುದು ಎರಡೇ ಕೆಲಸ. ಅವಳು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸುತ್ತೇನೆ, ನಿಮಿಷಕ್ಕೆ 30 ದಾಟಬಾರದು. ನಿನ್ನೆ 24 ಇತ್ತು. ಇನ್ನೊಂದು ಭಾನುವಾರದ ತಕ್ಕಡಿ. ಮನೆಯಲ್ಲಿ ಹತ್ತು ದಾಟಿದ ಬೆಕ್ಕು ಇರುವವರು ಇದೊಂದನ್ನಾದರೂ ಮಾಡಿ, ದುಡ್ಡು ಬೇಕಿಲ್ಲ, ಅಂಗಡಿಯವರ ಹತ್ತಿರ ಸ್ವಲ್ಪ ಸಲಿಗೆ ಇದ್ದರೆ ಸಾಕು. ಬರುವ ಸೋಮವಾರ ಎರಡನೇ ಸಲ ರಕ್ತ ಕೊಡಬೇಕು. ಈ ಸಲ ಬೆಂಗಳೂರಿಗೇ ಕಳಿಸುತ್ತಿದ್ದೇವೆ, ಐಸ್ ಡಬ್ಬಿಗೆ ಹೇಳಿಟ್ಟಿದ್ದೇನೆ.

ಉದ್ರಿ ಪುಸ್ತಕದಲ್ಲಿ ಈ ಭಾನುವಾರ ಬರೆದದ್ದು: ಅವಲಕ್ಕಿ ಒಂದು ಕೆಜಿ, ಬೆಲ್ಲ ಅರ್ಧ, ಗುಂಡಿ 3.040.

ಇತಿ,
ಹೊಲಿಗೆ ಮಾಡುವ ಓದುಗಿ, ವಿಜಯಪುರ